ಧರಣೇಂದ್ರನ ಹಸಿರು ಆಂಬುಲೆನ್ಸ್

ಹಿಂದವಾಡಿಯ ಟೇಲರ್ ಧರಣೇಂದ್ರ ಎಂಬತ್ತೆರಡನೇ ಇಸವಿಯಲ್ಲಿ ಒಂದು ಮುದಿ ಆಂಬುಲೆನ್ಸನ್ನು ಹರಾಜಿನಲ್ಲಿ ಹಿಡಿದು ತಂದ. ಹೆಂಡತಿ ಮಕ್ಕಳೊಂದಿಗೆ ಊರೂರು ತಿರುಗಬೇಕು, ಗಾಡಿಯಲ್ಲೇ ಅಡುಗೆ, ಗಾಡಿಯಲ್ಲೇ ನಿದ್ದೆ ಎಂಬುದು ಅವನ ಬಹುದಿನದ ಹುಚ್ಚು.

"ಇದರಾಗ ಎಷ್ಟ ಮಂದಿ ಜೀವಾ ಬಿಟ್ಟಾರೋ ಏನೋ! ನಾ ಅಂತೂ ಮಲಗಂಗಿಲ್ರಿ," ಅಂದಳು ಹೆಂಡತಿ ರತ್ನಮಾಲಾ.

ಕೈ ಬಿಗಿಯಾಗಿದ್ದರಿಂದ ಇದ್ದದ್ದರಲ್ಲೇ ಎಲ್ಲ ಆಗಬೇಕಿತ್ತು. ಅಂಗಡಿಯ ಹಳೆ ಹಲಗೆಗಳು ಮಂಚವಾದವು. ಗಿರಾಕಿಗಳು ಮರೆತುಹೋದ ಅರಿವೆ ತುಂಡುಗಳು ಪರದೆಯಾದವು. ಹೊರಗೆ ಹಸಿರು ಬಣ್ಣ ಬಳಿದ. ಬಣ್ಣಕ್ಕೆ ಎಣ್ಣೆ ಹೆಚ್ಚಾಗಿ ತೆಳುವಾದ್ದರಿಂದ ಹಳೆಯ ಕೆಂಪು ಕ್ರಾಸು ಇಣುಕುತ್ತಲೇ ಇತ್ತು.

ಮೇ ತಿಂಗಳ ಸೂಟಿಯಲ್ಲಿ ಲೋಂಡಾದ ಕಾಡು ನೋಡಲು ಎಲ್ಲರೂ ಹೊರಟರು. ದೇಸೂರಿನ ಹತ್ತಿರ ಏಳೆಂಟು ಜನ ರಸ್ತೆಗೆ ಅಡ್ಡ ನಿಂತರು.

"ದವಾಖಾನಿ ಗಾಡಿ ಬಂತು! ಲಗೂನ ಎತ್ರಿ!"

"ಇದು ದವಾಖಾನಿದಲ್ರೀ, ನಮ್ಮ ಮನಿ!" ಎಂದು ಧರಣೇಂದ್ರ ಕೂಗುವಷ್ಟರಲ್ಲಿ ದಿನ ತುಂಬಿದ ಬಸುರಿಯನ್ನು ಮಂಚದ ಮೇಲೆ ಮಲಗಿಸಿ, ಅವಳ ಅತ್ತೆಯೂ ಹತ್ತಿ ಕುಳಿತಾಗಿತ್ತು. ಅವನು ಮಕ್ಕಳನ್ನು ಮುಂದಿನ ಸೀಟಿಗೆ ಎಳೆದುಕೊಂಡು ಖಾನಾಪುರದ ದವಾಖಾನೆಗೆ ಗಾಡಿ ಓಡಿಸಿದ.

ಊರು ಇನ್ನೂ ಎರಡು ಮೈಲಿ ಇರುವಾಗ ಹಿಂದಿನಿಂದ ಕೂಸಿನ ಅಳು ಕೇಳಿತು. ಮಲಗಂಗಿಲ್ಲ ಅಂದಿದ್ದ ರತ್ನಮಾಲಾ ಸೆರಗು ಬಿಗಿದು, ಆ ಅತ್ತೆಯ ಜೊತೆ ಸೇರಿ ಹೆರಿಗೆ ಮಾಡಿಸಿಬಿಟ್ಟಿದ್ದಳು.

ತಾಯಿ, ಕೂಸು ಇಬ್ಬರೂ ಆರಾಮ ಎಂದು ಡಾಕ್ಟರು ಹೇಳಿದ ಮೇಲೆ, ರತ್ನಮಾಲಾ ಗಾಡಿಯಲ್ಲೇ ಸ್ಟೋ ಹಚ್ಚಿ ಎಲ್ಲರಿಗೂ ಉಪ್ಪಿಟ್ಟು ಮಾಡಿದಳು.

ಬಾಣಂತಿಯ ಅತ್ತೆ ತಾಟು ಮುಂದೆ ಹಿಡಿದು, "ಸರಕಾರ ಭಾಳ ಸುಧಾರಿಸೇತಿ ನೋಡ್ರಿ, ಗಾಡ್ಯಾಗ ನಾಷ್ಟಾನೂ ಕೊಡಾಕ ಹತ್ಯಾರ!" ಅಂದಳು.

ಧರಣೇಂದ್ರ ಆ ತಾಟಿಗೆ ಇನ್ನೊಂದು ಸೌಟು ಬಡಿಸಿದ.