ಒಳಗೆ ಬಿಟ್ಟ ಬಟ್ಟೆ

ಟೇಲರ್ ಅಣ್ಣನ ಕೊರಳಲ್ಲಿ ಅಳತೆ ಟೇಪು ಇಲ್ಲದ್ದನ್ನು ನಾನು ನೋಡಿದ್ದು ಆಸ್ಪತ್ರೆಯಲ್ಲಿ ಮಾತ್ರ. ಬಣ್ಣ ಮಾಸಿ, ಅಂಚು ಬಿಟ್ಟುಕೊಂಡಿದ್ದ ಆ ಟೇಪು ಊಟಕ್ಕೆ ಕೂತಾಗಲೂ ಎದೆಯ ಮೇಲೆ ಜೋತಾಡುತ್ತಿತ್ತು. ಸಾರಿನಲ್ಲಿ ಅದ್ದಿದ ಅದರ ತುದಿಯನ್ನು ಹೆಂಡತಿ ಬೈದುಕೊಂಡೇ ಒರೆಸುತ್ತಿದ್ದರು.

ಎಪ್ಪತ್ತರ ದಶಕದ ಆರಂಭ. ಸಯನ್ನಿನ ಚಾಳಿನಲ್ಲಿ ನಮ್ಮದು ಅಕ್ಕಪಕ್ಕದ ಖೋಲಿ, ಒಂದೊಂದೇ ಕೋಣೆ. ನಾನು ಮೈಸೂರಿನಿಂದ ಆಗಷ್ಟೇ ಬಂದ ಗುಮಾಸ್ತ. ಅವರು ಗದಗಿನ ಕಡೆಯವರು. ಗ್ರಾಂಟ್ ರೋಡಿನ ಒಂದು ಲಾಡ್ಜಿನ ಮೆಟ್ಟಿಲ ಕೆಳಗೆ ಹೊಲಿಗೆಯಂತ್ರ ಇಟ್ಟುಕೊಂಡಿದ್ದರು. ನನ್ನ ಮೊದಲ ಆಫೀಸ್ ಪ್ಯಾಂಟು ಹೊಲಿದವರು ಅವರೇ. ಸೊಂಟದ ಹೊಲಿಗೆಯೊಳಗೆ ಧಾರಾಳವಾಗಿ ಬಟ್ಟೆ ಮಡಚಿಟ್ಟು, ನನ್ನ ಕಡ್ಡಿಯಂಥ ಮೈ ನೋಡಿ ನಕ್ಕರು.

"ಸಾಹೇಬ್ರ, ಮದಿವಿ ಆದಮ್ಯಾಲೆ ಹೊಟ್ಟಿ ಬಂದೇ ಬರ್ತೈತಿ. ಆಗ ಹೊಸಾ ಪ್ಯಾಂಟ್ ಯಾಕ್ರಿ? ಬಿಚ್ಚಿ ಸಡಿಲ ಮಾಡಿದ್ರ ಆತು. ಮಂದಿಗೆ ಗೊತ್ತೂ ಆಗೂದಿಲ್ಲ."

ಒಂದು ಮಳೆಗಾಲ ವಾಂತಿಭೇದಿ ಹಿಡಿದು ಅವರ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದವು. ಆಸ್ಪತ್ರೆಯಲ್ಲಿ ಹೊಕ್ಕುಳ ಕೆಳಗೆ ತೂತು ಮಾಡಿ ನಳಿಕೆ ಇಳಿಸಿದರು. ಬಾಟಲಿಯ ನೀರನ್ನು ಹೊಟ್ಟೆಗೆ ಬಿಡುವುದು, ಮೈಯ ನಂಜನ್ನು ಎಳೆದುಕೊಂಡ ಆ ನೀರನ್ನು ಹೊರಕ್ಕೆ ಹರಿಸುವುದು, ಮತ್ತೆ ಬಿಡುವುದು. ಟೇಲರ್ ಅಣ್ಣ ಮಂಚದ ಸರಳು ಹಿಡಿದು ಮಗುವಿನಂತೆ ಅತ್ತರು. ಆಮೇಲೆ ಹೊರಬರುವ ನೀರು ಅಕ್ಕಚ್ಚಿನ ಹಾಗೆ ಮಬ್ಬಾಯಿತು. ಹೊಟ್ಟೆಯೊಳಗೆ ಸೋಂಕು ಎಂದು ನಳಿಕೆ ತೆಗೆದುಬಿಟ್ಟರು. ಪುಣ್ಯಕ್ಕೆ ಅಷ್ಟರಲ್ಲಿ ಮೂತ್ರ ಬರತೊಡಗಿತ್ತು. ಮನೆಗೆ ಕಳಿಸುವಾಗ ಡಾಕ್ಟರು ಅವರ ಹೆಂಡತಿಗೂ ನನಗೂ ಒತ್ತಿ ಹೇಳಿದರು: ಒಳಗೆ ಕೀವು ಉಳಿದಿರಬಹುದು, ಹೊಟ್ಟೆ ಉಬ್ಬಿದರೆ ಒಂದು ದಿನವೂ ಕಾಯಬೇಡಿ.

ಚಾಳಿನವರ ಲೆಕ್ಕದಲ್ಲಿ ನಳಿಕೆ ಹೋಯಿತೆಂದರೆ ರೋಗವೇ ಹೋದಂತೆ. ಹೋಳಿಗೆ ತಂದುಕೊಟ್ಟವರೂ ಇದ್ದರು. ವೈನಿ, ಅಂದರೆ ಅವರ ಹೆಂಡತಿ, ಮಾತ್ರ ಬೆಳಗಾದರೆ ಹೊಟ್ಟೆ ನೋಡಲು ಬರುವರು. ಇವರು ಮುಟ್ಟಗೊಡರು.

"ಟೇಲರಗ ಹೊಟ್ಟಿ ಅಳತಿ ನೀ ಹೇಳಾಕಿ ಏನ? ಇಲ್ಲಿ ನೋಡು, ಜಡ್ಡಿಗಿಂತ ಮೊದ್ಲಿನ ಪ್ಯಾಂಟ್. ಗುಂಡಿ ಕೂಡ್ತೈತೋ ಇಲ್ಲೋ?"

ಗುಂಡಿ ಕೂಡುತ್ತಿತ್ತು. ನನಗೂ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೆನಿಸಲಿಲ್ಲ. ಊಟ ಕಡಿಮೆಯಾಗಿತ್ತು, ಸಂಜೆ ಮೈ ಬಿಸಿಯಿರುತ್ತಿತ್ತು. ಕೇಳಿದರೆ "ಲೋಕಲ್ ಟ್ರೇನಿನ ಗದ್ದಲಕ್ಕರಿ" ಅನ್ನುವರು.

ಒಂದು ಮಧ್ಯಾಹ್ನ ಯಂತ್ರದ ಮೇಲೆಯೇ ವಾಂತಿ ಮಾಡಿಕೊಂಡು ಬಿದ್ದರು. ಲಾಡ್ಜಿನವರು ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಸಾಗಿಸಿದರು. ಆಪರೇಷನ್ನಿಗೆ ಒಯ್ಯುವ ಮುಂಚೆ ನನ್ನ ಕೈ ಹಿಡಿದು ಅವರು ಕೇಳಿದ್ದು ಒಂದೇ ಮಾತು.

"ಸಾಹೇಬ್ರ, ಮತ್ತ ಆ ನಳಿ ಹಾಕಬ್ಯಾಡ್ರಿ ಅಂತ ಹೇಳ್ರಿ."

ಹೇಳುತ್ತೇನೆ ಎಂದೆ. ಹೊಟ್ಟೆ ಕೊಯ್ದು ನೋಡಿದರೆ ಕೀವು ತುಂಬಿ ಕರುಳು ಒಂದಕ್ಕೊಂದು ಅಂಟಿಕೊಂಡಿತ್ತಂತೆ. ಮರುದಿನ ತೀರಿಕೊಂಡರು.

ಆಸ್ಪತ್ರೆಯವರು ಕೊಟ್ಟ ಬಟ್ಟೆಯ ಗಂಟನ್ನು ವೈನಿ ಕೆಲವು ದಿನಗಳ ಮೇಲೆ ಬಿಚ್ಚಿದರು. ಪ್ಯಾಂಟಿನ ಸೊಂಟ ಹೊರಳಿಸಿ ನೋಡಿ ನನ್ನ ಕೈಗಿತ್ತರು. ಒಳಗೆ ಮಡಚಿಟ್ಟಿದ್ದ ಬಟ್ಟೆ ಒಂದಿಷ್ಟೂ ಉಳಿದಿರಲಿಲ್ಲ. ಹಳೆಯ ಹೊಲಿಗೆ ಬಿಚ್ಚಿದಲ್ಲಿ ಸೂಜಿತೂತುಗಳ ಒಂದು ಸಾಲು, ಅದರಾಚೆ ಇನ್ನೊಂದು, ಅದರಾಚೆ ಮತ್ತೊಂದು. ಹೊಟ್ಟೆ ಉಬ್ಬಿದ ಹಾಗೆಲ್ಲ ಅಂಗಡಿಯಲ್ಲಿ ಕೂತು ತಾವೇ ಸಡಿಲ ಮಾಡಿಕೊಂಡಿದ್ದರು.

"ನಾ ದಿನಾ ಗುಂಡಿ ನೋಡಿದ್ನೋ ತಮ್ಮಾ," ಎಂದರು ವೈನಿ. "ಹೊಟ್ಟಿ ನೋಡ್ಲಿಲ್ಲ."

ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವರು ಹೇಳಿದಂತೆಯೇ ನನಗೆ ಮದುವೆಯಾಯಿತು, ಹೊಟ್ಟೆಯೂ ಬಂತು. ಮಲಾಡಿಗೆ ಮನೆ ಬದಲಾಯಿಸಿದ ಮೇಲೆ ಟೇಲರ್ ಅಣ್ಣ ಹೊಲಿದುಕೊಟ್ಟ ನನ್ನ ಆ ಮೊದಲ ಪ್ಯಾಂಟನ್ನು ಸಡಿಲ ಮಾಡಲು ಅಲ್ಲಿನ ಟೇಲರೊಬ್ಬನಿಗೆ ಕೊಟ್ಟೆ. ಸೊಂಟ ಹೊರಳಿಸಿ ನೋಡಿ, "ಬಹುತ್ ಕಪಡಾ ಛೋಡಾ ಹೈ ಸಾಬ್, ಖೋಲ್ ದೂಂ?" ಎಂದ; ಒಳಗೆ ತುಂಬ ಬಟ್ಟೆ ಬಿಟ್ಟಿದೆ, ಬಿಚ್ಚಲೇ ಎಂದು. ಕತ್ತರಿ ಎತ್ತಿಕೊಂಡದ್ದೇ ತಡ, ಬೇಡವೆಂದು ಕಸಿದುಕೊಂಡು ಬಂದೆ. ಅದಿನ್ನೂ ನನ್ನ ಕಪಾಟಿನಲ್ಲಿದೆ. ಗುಂಡಿ ಕೂಡುವುದಿಲ್ಲ, ಕೂಡದಿರಲಿ.