ಔಟಿಂಗ್ ಭಾನುವಾರದ ಜ್ವರ

ನನ್ನ ತಮ್ಮ ಓದುವುದು ಕನಕಪುರ ರಸ್ತೆಯ ಕಡೆಯ ಒಂದು ಇಂಟರ್‌ನ್ಯಾಷನಲ್ ಶಾಲೆಯಲ್ಲಿ, ಇರುವುದೂ ಅಲ್ಲಿನ ಹಾಸ್ಟೆಲ್ಲಿನಲ್ಲೇ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಜಯನಗರದ ಒಂದು ಅಂಗಡಿಯಲ್ಲಿ ಸೀರೆ ಸೆರಗಿಗೆ ಕುಚ್ಚು ಕಟ್ಟುತ್ತೇನೆ. ಇದು ಹೇಗೆ ಸಾಧ್ಯ ಎಂದು ಅಕ್ಕಪಕ್ಕದವರು ಇವತ್ತಿಗೂ ಕೇಳುತ್ತಾರೆ. ಅವನು ಪರೀಕ್ಷೆ ಬರೆದ, ಪಾಸಾದ, ಶಾಲೆಯವರು ಫೀಸಿಲ್ಲದೆ ಸೇರಿಸಿಕೊಂಡರು. ಅಷ್ಟೇ.

ಅಪ್ಪ ನಮಗೆ ನೆನಪಿಲ್ಲ. ಅಮ್ಮ ತೀರಿಕೊಂಡ ಮೇಲೆ ಜರಗನಹಳ್ಳಿಯ ಬಾಡಿಗೆ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಅವನಿಗೆ ಸ್ನಾನ, ಊಟ, ಹೋಮ್‌ವರ್ಕು, ಹಲ್ಲುನೋವು ಎಲ್ಲವನ್ನೂ ನಾನೇ ನೋಡಿದೆ. ಹಾಸ್ಟೆಲ್ಲಿಗೆ ಬಿಟ್ಟು ಬಂದ ದಿನ ಬಸ್ಸಿನಲ್ಲಿ ಅತ್ತೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು, ಯಾರಿಗೂ ಅಡುಗೆ ಮಾಡದೆ ಒಂದು ಬನ್ ತಿಂದು ಮಲಗಿದೆ. ಎಂಥ ಸುಖ ಅನ್ನಿಸಿತು! ನನ್ನ ತಪ್ಪು ಶುರುವಾದದ್ದು ಆ ಸುಖದಿಂದಲೇ.

ಹಾಸ್ಟೆಲ್ಲಿನಲ್ಲಿ ಅವನು ಬೇಗ ಹೊಂದಿಕೊಂಡ. ಅಲ್ಲಿ ಬಟ್ಟೆಗೆಲ್ಲ ನಂಬರು ಹೊಲಿಯಬೇಕು, ಸಾಕ್ಸಿಗೂ ಸಹ. ನಾನು ಕುಚ್ಚಿನ ರೇಷ್ಮೆ ದಾರದಲ್ಲಿ ಹೊಲಿದುಕೊಟ್ಟ ನಂಬರು ನೋಡಿ ಬೇರೆ ಹುಡುಗರೂ ಸಾಕ್ಸು ಕಳಿಸಿದರು. ಅವನ ರೂಮಿನಲ್ಲಿದ್ದದ್ದು ಕೊರಿಯಾದ ಒಬ್ಬ ಹುಡುಗ. ಅವನಿಂದ ನನ್ನ ತಮ್ಮ ಹಣೆ ಮುಚ್ಚುವಂತೆ ಕೂದಲು ಬಿಡುವುದನ್ನು ಕಲಿತ. ನನ್ನ ತಮ್ಮನಿಂದ ಆ ಹುಡುಗ ಕನ್ನಡ ಕಲಿತ. ಶನಿವಾರ ಸಂಜೆ ಹುಡುಗರ ಕೈಗೆ ಫೋನ್ ಸಿಗುತ್ತಿತ್ತು. ವೀಡಿಯೊದಲ್ಲಿ ಮೊದಲು ಕಾಣುತ್ತಿದ್ದುದು ಕೊರಿಯಾದವನ ಮುಖವೇ.

"ಅಕ್ಕಾ, ಊಟ ಆಯ್ತಾ?"

"ಆಯ್ತಪ್ಪ, ನಿಂದು?"

"ಪಾಸ್ತಾ. ಚೆನ್ನಾಗಿಲ್ಲ ಗುರು."

"ಲೋ, ನಮ್ಮಕ್ಕನ್ನ ಗುರು ಅನ್ಬೇಡ್ವೋ!" ಎಂದು ನನ್ನ ತಮ್ಮ ಫೋನ್ ಕಿತ್ತುಕೊಳ್ಳುತ್ತಿದ್ದ.

ಒಂದು ವಾರ ಬಿಟ್ಟು ಒಂದು ವಾರ ಔಟಿಂಗ್ ಭಾನುವಾರ. ಬೆಳಗ್ಗೆ ಮನೆಯವರು ಗೇಟಿಗೆ ಬಂದರೆ ಹುಡುಗನನ್ನು ಸಂಜೆಯವರೆಗೆ ಕಳಿಸುತ್ತಾರೆ. ಬರಲಾಗದವರು ಶುಕ್ರವಾರವೇ ವಾರ್ಡನ್ ಮೇಡಂಗೆ ತಿಳಿಸಬೇಕು. ಅಲ್ಲಿ ಇನ್ನೊಂದು ನಿಯಮವಿತ್ತು: ಮನೆಯಲ್ಲಿ ಯಾರಿಗಾದರೂ ಜ್ವರವಿದ್ದರೆ ಹುಡುಗನನ್ನು ಕಳಿಸುವುದಿಲ್ಲ, ಯಾಕೆ ಎತ್ತ ಎಂದು ಕೇಳುವುದೂ ಇಲ್ಲ.

ನನಗೂ ಭಾನುವಾರ ಒಂದೇ ರಜೆ. ಒಂದು ಶುಕ್ರವಾರ ವಾಯ್ಸ್ ಮೆಸೇಜಿನಲ್ಲಿ ಸ್ವಲ್ಪ ಗಂಟಲು ಕಟ್ಟಿಸಿಕೊಂಡು "ಜ್ವರ ಮೇಡಂ" ಎಂದೆ. "ರೆಸ್ಟ್ ತಗೊಳ್ಳಿ" ಎಂದು ಉತ್ತರ ಬಂತು. ಶನಿವಾರ ಫೋನಿನಲ್ಲಿ ತಮ್ಮನಿಗೂ ಅದನ್ನೇ ಹೇಳಿದೆ. ಆ ಭಾನುವಾರ ಮಧ್ಯಾಹ್ನದವರೆಗೆ ಮಲಗಿದೆ. ಅದರ ಮುಂದಿನ ಔಟಿಂಗಿಗೂ ನನಗೆ ಜ್ವರ ಬಂತು.

ಆ ಎರಡನೇ ಜ್ವರದ ದಿನ ಅಂಗಡಿಯ ಗೆಳತಿಯ ಜೊತೆ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಪಾನಿಪುರಿ ತಿನ್ನುತ್ತಿದ್ದೆ. ಔಟಿಂಗ್ ಸಿಗದ ಹುಡುಗರನ್ನು ವಾರ್ಡನ್ ಮೇಡಂ ಶಾಲೆಯ ಬಸ್ಸಿನಲ್ಲಿ ಎಲ್ಲಿಗಾದರೂ ಸುತ್ತಾಡಿಸುತ್ತಾರೆ ಎಂದು ಗೊತ್ತಿತ್ತು. ಆ ಎಲ್ಲಿಗಾದರೂ ಇದೇ ಎಂದು ಗೊತ್ತಿರಲಿಲ್ಲ. ನೀಲಿ ಟೀ ಶರ್ಟಿನ ಸಾಲೊಂದು ನನ್ನ ಕಡೆಗೇ ಬಂತು.

"ಅಕ್ಕಾ! ಜ್ವರ ಹೋಯ್ತಾ?" ಎಂದು ಕೊರಿಯಾದವನು ಬೀದಿಗೆಲ್ಲ ಕೇಳುವಂತೆ ಕೂಗಿದ.

ನನ್ನ ಬಾಯಲ್ಲಿ ಒಂದು ಇಡೀ ಪೂರಿಯಿತ್ತು. "ಯಾವ ಜ್ವರನೇ?" ಎಂದಳು ಗೆಳತಿ. ವಾರ್ಡನ್ ಮೇಡಂ ನನ್ನ ಕೈಯಲ್ಲಿದ್ದ ದೊನ್ನೆ ನೋಡಿ, "ಮಾತ್ರೆ ಖಾರ ಇದೆಯೇನ್ರೀ?" ಎಂದರು.

ತಮ್ಮ ಸಾಲು ಬಿಟ್ಟು ಓಡಿ ಬಂದು ನನ್ನ ಹಣೆಯ ಮೇಲೆ ಕೈ ಇಟ್ಟ. ಆಮೇಲೆ ಕತ್ತು ಮುಟ್ಟಿ ನೋಡಿದ. "ತಣ್ಣಗಿದೆ ಮೇಡಂ! ಬಿಟ್ಬಿಟ್ಟಿದೆ!" ಎಂದು ತಿರುಗಿ ಕೂಗಿದ. ಅಮ್ಮನಿಗೆ ಬಂದದ್ದೂ ಮೊದಲು ಬರೀ ಜ್ವರವೇ. ನಾಲ್ಕು ದಿನದಲ್ಲಿ ಸರಿಹೋಗುತ್ತದೆ ಎಂದು ಅವನಿಗೆ ಹೇಳಿದವಳೂ ನಾನೇ. ಸುಳ್ಳು ಹುಡುಕುವಾಗ ಅದು ನನಗೆ ಹೊಳೆಯಲೇ ಇಲ್ಲ.

ಮುಂದಿನ ಔಟಿಂಗಿಗೆ ಗೇಟು ತೆರೆಯುವ ಮೊದಲೇ ಹೋಗಿ ನಿಂತೆ. ಅವನು ಬಂದವನೇ, "ಮನೆಗೆ ಆಮೇಲೆ ಹೋಗೋಣ. ಮೊದ್ಲು ಹನುಮಂತನಗರದ ಗುಡ್ಡದ ದೇವಸ್ಥಾನ" ಎಂದ.

"ಏನೋ ಅಲ್ಲಿ?"

"ನಿಂಗೆ ಜ್ವರ ಬಿಟ್ರೆ ಮುಡಿ ಕೊಡ್ತೀನಿ ಅಂತ ಹೇಳ್ಕೊಂಡಿದ್ದೆ."

ಬಸ್ಸಿನಲ್ಲಿ ಅವನು ಕಿಟಕಿಯ ಗಾಜಿನಲ್ಲಿ ತನ್ನ ಕೂದಲನ್ನು ನೋಡಿಕೊಳ್ಳುತ್ತಲೇ ಇದ್ದ. ಈಗ ಹೇಳುತ್ತೇನೆ, ಮುಂದಿನ ಸ್ಟಾಪಿನಲ್ಲಿ ಹೇಳುತ್ತೇನೆ ಎಂದುಕೊಂಡೇ ಇಳಿಯುವ ಜಾಗ ಬಂತು. ಗುಡ್ಡದ ಕೆಳಗಿನ ಸಲೂನಿನವರು ಅವನ ಕೊರಳಿಗೆ ಬಟ್ಟೆ ಸುತ್ತಿ ಮಷೀನ್ ಆನ್ ಮಾಡಿದಾಗ ನನಗೆ ಬಾಯಿ ಬಂತು.

"ಒಂದ್ನಿಮಿಷ ಅಣ್ಣ. ಲೋ, ನಂಗೆ ಜ್ವರ ಬಂದಿರ್ಲಿಲ್ಲ ಕಣೋ."

ಕನ್ನಡಿಯಲ್ಲೇ ನನ್ನನ್ನು ನೋಡಿದ. "ಎರಡು ಸಲವೂನಾ?"

"ಎರಡು ಸಲವೂ. ಮಲಗ್ಬೇಕು ಅನ್ನಿಸ್ತು. ಒಬ್ಳೇ ಇರ್ಬೇಕು ಅನ್ನಿಸ್ತು. ಅದಕ್ಕೆ."

ಸಲೂನಿನಲ್ಲಿ ಕಾಯುತ್ತಿದ್ದವರೆಲ್ಲ ಪೇಪರ್ ಇಳಿಸಿ ನೋಡಿದರು. "ಏನಮ್ಮಾ, ಮಷೀನ್ ಹಾಕ್ಲಾ ಬೇಡ್ವಾ?" ಎಂದರು ಸಲೂನಿನವರು.

ತಮ್ಮನೇ ಹೇಳಿದ: "ಹಾಕಿ ಅಂಕಲ್. ನಾನೇನೂ ದೇವ್ರಿಗೆ ಸುಳ್ಳು ಹೇಳಿಲ್ಲ."

ನಾನು ಹೊರಗೆ ಬಂದು ನಿಂತುಬಿಟ್ಟೆ. ಅವನು ಹೊರಗೆ ಬಂದಾಗ ಬೋಳು ತಲೆಯಲ್ಲಿ ಕಿವಿ ಎಷ್ಟು ದೊಡ್ಡದಾಗಿ ಕಾಣುತ್ತಿತ್ತೆಂದರೆ, ಅಷ್ಟು ಸಂಕಟದಲ್ಲೂ ನನಗೆ ನಗು ಬಂತು. ಅವನು ನಗಲಿಲ್ಲ. ದೇವಸ್ಥಾನದ ಮೆಟ್ಟಿಲು ಹತ್ತುವಾಗ ನನಗಿಂತ ಮುಂದೆಯೇ ನಡೆದ. ಇಳಿಯುವಾಗ ಮಾತ್ರ ಪಕ್ಕಕ್ಕೆ ಬಂದು ಹೇಳಿದ: "ಬರಕ್ಕಾಗಲ್ಲ ಅಂದ್ರೆ ಬರಲ್ಲ ಅನ್ನು ಅಕ್ಕ. ಜ್ವರ ಅಂತ ಮಾತ್ರ ಹೇಳ್ಬೇಡ. ನಂಗೆ ರಾತ್ರಿ ನಿದ್ದೆ ಬರಲ್ಲ."

ಸಂಜೆ ಗೇಟಿನಲ್ಲಿ ಕೊರಿಯಾದವನು ಅವನ ತಲೆಯನ್ನು ಎರಡೂ ಕೈಯಲ್ಲಿ ಸವರಿ, "ಸಖತ್ ಮಗಾ!" ಎಂದ. ವಾರ್ಡನ್ ಮೇಡಂ, "ಏನೋ ಇದು ಅವತಾರ?" ಎಂದರು. ತಮ್ಮ "ಶೆಕೆ ಮೇಡಂ" ಎಂದು ಶುರು ಮಾಡಿದ. ನನಗಾಗಿ ಅವನೂ ಸುಳ್ಳು ಹೇಳುವುದನ್ನು ಕೇಳಲಾಗದೆ ನಾನೇ ನಡೆದದ್ದನ್ನೆಲ್ಲ ಹೇಳಿದೆ. ಮೇಡಂ ಬೈಯಲಿಲ್ಲ. "ನನಗೂ ಭಾನುವಾರ ಮಲಗಬೇಕು ಅನ್ಸುತ್ತೆ ಕಣಮ್ಮ. ನಾನು ಯಾರಿಗೆ ಹೇಳ್ಲಿ?" ಎಂದು ಹುಡುಗರನ್ನು ಒಳಗೆ ಕರೆದುಕೊಂಡು ಹೋದರು.

ಆಮೇಲೆ ಬಹಳ ದಿನ ಒಂದು ಔಟಿಂಗನ್ನೂ ನಾನು ತಪ್ಪಿಸಲಿಲ್ಲ. ಮೊನ್ನೆ ಮದುವೆ ಸೀಸನ್ನಿನ ಕುಚ್ಚು ಕಟ್ಟಿ ಕಟ್ಟಿ ಬೆರಳು ಮರಗಟ್ಟಿತ್ತು. ಶುಕ್ರವಾರ ಮೇಡಂಗೆ ಸುಸ್ತು ಎಂದೇ ತಿಳಿಸಿದೆ. ಶನಿವಾರ ಸಂಜೆ ಅವನಿಗೂ ನೇರವಾಗಿ ಹೇಳಿದೆ: "ನಾಳೆ ಬರಲ್ಲ ಕಣೋ. ಏನೂ ಆಗಿಲ್ಲ, ಚೆನ್ನಾಗಿದ್ದೀನಿ. ಬರೀ ಸುಸ್ತು."

ಅವನು ಫೋನಿಗೆ ಮುಖ ಹತ್ತಿರ ತಂದು ನನ್ನನ್ನು ಒಂದಿಷ್ಟು ಹೊತ್ತು ನೋಡಿದ. "ಸರಿ, ಮಲ್ಕೋ" ಎಂದ. ಮರುದಿನ ನಾನು ಎದ್ದಾಗ ಬಿಸಿಲು ಅಡುಗೆಮನೆಯವರೆಗೆ ಬಂದಿತ್ತು.