ಗೆರೆಯ ಮೇಲಿನ ಸಾಲು

ಕಚೇರಿಯಲ್ಲಿ ಆಕೆಯನ್ನು ಎಲ್ಲರೂ ಗುಬ್ಬಿಕಾಲು ಮೇಡಂ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಮಾತ್ರ. ಎದುರಿಗೆ ಬರೀ ಮೇಡಂ. ಆಕೆಗೆ ಅದು ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ಆಕೆ ಬರೆಯುತ್ತಿದ್ದುದು ನೋಡುವವರ ಕಣ್ಣಿಗೆ ಥೇಟ್ ಕಾಗೆಕಾಲು ಗುಬ್ಬಿಕಾಲೇ ಆಗಿದ್ದಾಗ ಬೇಸರಪಟ್ಟು ಏನು ಬಂತು? ಮೂವತ್ತೊಂದು ವರ್ಷ ಸರ್ಕಾರಿ ಶೀಘ್ರಲಿಪಿಗಾರ್ತಿ. ಯಾರು ಎಷ್ಟೇ ಬಡಬಡಿಸಲಿ, ಆಕೆಯ ಪೆನ್ಸಿಲ್ ಹಿಂದೆ ಬಿದ್ದದ್ದಿಲ್ಲ. ವಿದ್ಯೆ ಕಲಿಸಿದವನು ಸೋದರಮಾವ. ಒಂದು ಅಂಗಡಿಯ ಮಹಡಿಯ ಮೇಲೆ ಟೈಪಿಂಗ್ ಶಾಲೆ ನಡೆಸುತ್ತಿದ್ದ. ಪುಸ್ತಕದ ಚಿಹ್ನೆಗಳು ತೀರಾ ನಿಧಾನ ಎಂದು ಮೂಗು ಮುರಿದು ತನ್ನದೇ ಚಿಹ್ನೆಗಳನ್ನು ಕಟ್ಟಿಕೊಂಡಿದ್ದ, ಸೊಸೆಗೂ ಅವನ್ನೇ ಅರೆದು ಕುಡಿಸಿದ. ಅಂದರೆ ಇಡೀ ಭೂಮಿಯ ಮೇಲೆ ಆ ಬರಹ ಓದಬಲ್ಲವರು ಇಬ್ಬರೇ. ಮಾವ ತೀರಿಕೊಂಡ ಮೇಲೆ ಉಳಿದವಳು ಇವಳೊಬ್ಬಳು.

ಮೂರನೆಯ ಮಹಡಿಯಲ್ಲಿ ಎರಡು ಕೋಣೆಯ ಮನೆ. ಮದುವೆ ಕೂಡಿಬರಲಿಲ್ಲ, ಒಂದು ವಯಸ್ಸಾದ ಮೇಲೆ ಆ ಮಾತೆತ್ತುವವರೂ ಇರಲಿಲ್ಲ. ದಿನವಿಡೀ ಕಂಡವರ ಮಾತನ್ನೆಲ್ಲ ಬರೆದು ಮನೆಗೆ ಬಂದರೆ ತಾನು ಆಡುವುದಕ್ಕೆ ಮಾತೇ ಉಳಿದಿರುತ್ತಿರಲಿಲ್ಲ, ಉಳಿದರೂ ಕೇಳುವವರಿರಲಿಲ್ಲ. ಭಾನುವಾರ ಅಕ್ಕ ಫೋನ್ ಮಾಡುತ್ತಿದ್ದಳು. ಅಲ್ಲೂ ಇವಳದು ಹ್ಞೂಂಗುಟ್ಟುವ ಕೆಲಸವೇ.

ಆಕೆಗೆ ಕೆಲಸದಲ್ಲಿ ಒಂದು ರೂಢಿಯಿತ್ತು. ಅದು ಕಥೆಗೆ ಬೇಕು, ಈಗಲೇ ಹೇಳಿಬಿಡುತ್ತೇನೆ. ವಿಚಾರಣೆಯ ಹಾಲ್‌ನಲ್ಲಿ ಆಕೆ ನ್ಯಾಯಾಧೀಶರ ಮೇಜಿನ ಬುಡದಲ್ಲಿ ಕೂರುತ್ತಿದ್ದಳು. ಅವರು ಕುರ್ಚಿ ಬಿಟ್ಟು ಎದ್ದ ಕ್ಷಣಕ್ಕೆ ಹಾಳೆಯ ಈ ತುದಿಯಿಂದ ಆ ತುದಿಗೆ ಒಂದು ಗೆರೆ ಎಳೆಯುತ್ತಿದ್ದಳು. ಗೆರೆಯ ಮೇಲಿನದೆಲ್ಲ ಸಾಕ್ಷ್ಯ. ಕೆಳಗಿನದು ಲೆಕ್ಕಕ್ಕಿಲ್ಲದ ಹರಟೆ, ಅದನ್ನು ಆಕೆ ಬರೆಯುತ್ತಲೂ ಇರಲಿಲ್ಲ. ಆ ಗೆರೆ ಎಂದೂ ಒಂದು ಮಾತು ಹಿಂದೆ ಮುಂದೆ ಆಗಿರಲಿಲ್ಲ.

ಈಗ ಸೇತುವೆಯ ವಿಷಯ. ನಾಲೆಗೆ ಅಡ್ಡಲಾಗಿ ಕಾಲ್ನಡೆಯವರಿಗೆಂದು ಹೊಸ ತೂಗುಸೇತುವೆ ಕಟ್ಟಿದ್ದರು. ಮಂತ್ರಿಗಳು ರಿಬ್ಬನ್ ಕತ್ತರಿಸಿ ಹನ್ನೊಂದು ತಿಂಗಳಿಗೆ, ಕಾರ್ಖಾನೆ ಬಿಡುವ ಹೊತ್ತಿನಲ್ಲಿ, ಅದು ಹರಿದು ಬಿತ್ತು. ಹತ್ತೊಂಬತ್ತು ಜನ ಹೋದರು. ಸರ್ಕಾರ ವಿಚಾರಣಾ ಆಯೋಗ ನೇಮಿಸಿತು. ಸೇತುವೆಯ ಬಾಯಲ್ಲಿ ಕೂತು ಗೇಟು ತೆಗೆದು ಹಾಕುತ್ತಿದ್ದ ಒಬ್ಬ ಮುದುಕ ಇದ್ದ, ಗೇಟಿನವನು. ಅವನು ಕಟಕಟೆಯಲ್ಲಿ ನಿಂತು, ರಿಬ್ಬನ್ ಕತ್ತರಿಸಿದ ದಿನವೇ ಕಂಬಿ ಅಲ್ಲಾಡುತ್ತಿರುವುದನ್ನು ಮಂತ್ರಿಗೆ ತಾನು ಬಾಯಿಬಿಟ್ಟು ಹೇಳಿದ್ದೆ ಎಂದ. ಹಾಲ್‌ನಲ್ಲಿ ಕೆಲವರು ನಕ್ಕರು.

ಹತ್ತು ದಿನ ಕಳೆದು ಮಂತ್ರಿಯೇ ಕಟಕಟೆಗೆ ಬಂದರು. ಟೀ ವಿರಾಮಕ್ಕೆ ಎರಡು ನಿಮಿಷವಿತ್ತು. ವಿರೋಧ ಪಕ್ಷದ ನಾಯಕರು ಕೆಳಗೆ ಗೇಟಿನಲ್ಲಿ ಕ್ಯಾಮೆರಾ ಮುಂದೆ ಗುಡುಗಲು ಶುರುಮಾಡಿದ್ದರಿಂದ ಪತ್ರಕರ್ತರೆಲ್ಲ ಬಿದ್ದೆದ್ದು ಅಲ್ಲಿಗೆ ಓಡಿದ್ದರು. ಹಾಲ್ ಖಾಲಿ. ಹಿಂದಿನ ಬೆಂಚಿನಲ್ಲಿ ಗೇಟಿನವನೊಬ್ಬನೇ ಕೂತಿದ್ದ. ಗೇಟಿನವನು ಹೇಳಿದ್ದು ನಿಜವೇ ಎಂದು ಆಯೋಗದ ವಕೀಲರು ಕೇಳಿದ್ದಕ್ಕೆ ಮಂತ್ರಿ, ಬೇಸರಕ್ಕೋ ಅಹಂಕಾರಕ್ಕೋ, ಅಂದರು:

"ಹೌದ್ರೀ, ಹೇಳಿದ್ದ. ಗೇಟಿನವನೊಬ್ಬ ಕಂಬಿ ಅಲ್ಲಾಡ್ತಿದೆ ಅಂದ ಅಂತ ಸೇತುವೆ ಮುಚ್ಚೋಕಾಗುತ್ತಾ?"

ಮಂತ್ರಿಯ ವಕೀಲರು ದಡಕ್ಕನೆ ಎದ್ದರು, ಆಮೇಲೆ ನ್ಯಾಯಾಧೀಶರು ಎದ್ದರು. ಆಕೆ ಗೆರೆ ಎಳೆದಳು. ಆ ಸಾಲು ಗೆರೆಯ ಮೇಲಿತ್ತು.

ಸಂಜೆ ಟೈಪ್ ಮಾಡಲು ಕೂತಾಗ ಆಯೋಗದ ಕಾರ್ಯದರ್ಶಿ ಬಂದು ಮೇಜಿಗೆ ಒರಗಿ ನಿಂತ. ಮಗನ ವಯಸ್ಸಿನವನು, ಮಾತು ಬೆಣ್ಣೆ. "ಮೇಡಂ, ಆ ಕೊನೇ ಸಾಲು ಬೇಡ. ಜಡ್ಜ್ ಸಾಹೇಬ್ರು ಎದ್ದಾಗಿತ್ತು, ಬರೀ ಹರಟೆ ಅದು."

"ಎದ್ದಿರಲಿಲ್ಲ ಸಾರ್," ಎಂದಳು ಆಕೆ.

"ಎದ್ದಿದ್ರು ಮೇಡಂ. ಬಿಟ್ಬಿಡಿ."

ಬಿಟ್ಟಳು. ಆಕೆಯನ್ನು ಸಾಚಾ ಮಾಡುವ ಇರಾದೆ ನನಗಿಲ್ಲ. ಯಾರೂ ಹೆದರಿಸಲಿಲ್ಲ, ಯಾರೂ ಆಸೆ ತೋರಿಸಲಿಲ್ಲ. ಮೂವತ್ತು ವರ್ಷ ಹೇಳಿದ್ದನ್ನು ಬರೆದೂ ಬರೆದೂ, ಹೇಳಿದ್ದನ್ನು ಮಾಡುವುದು ಕೈಗೆ ರೂಢಿಯಾಗಿಬಿಟ್ಟಿತ್ತು, ಅಷ್ಟೇ. ಕೆಮ್ಮನ್ನೂ ಕಂಸದಲ್ಲಿ ಹಾಕುತ್ತಿದ್ದವಳು ಒಂದು ಇಡೀ ವಾಕ್ಯವನ್ನು ನುಂಗಿ, ಬಸ್ಸು ಹತ್ತಿ ಮನೆಗೆ ಹೋದಳು.

ವರದಿ ಬಂತು. ಗೇಟಿನವನ ಮಾತಿಗೆ ಆಧಾರವಿಲ್ಲ, ಮಿತಿ ಮೀರಿ ಜನರನ್ನು ಬಿಟ್ಟವನು ಅವನೇ ಎಂದು ಗೂಬೆಯನ್ನು ಅವನ ತಲೆಯ ಮೇಲೆ ಕೂರಿಸಿದ್ದರು. 'ಮಂತ್ರಿ ತಮ್ಮ ಬಾಯಿಂದಲೇ ಒಪ್ಪಿಕೊಂಡರು, ನಾನೇ ಕೇಳಿದೆ' ಎಂದು ಅವನು ಕಂಡಕಂಡವರಿಗೆ ಹೇಳಿದ. ಅಚ್ಚಾದ ಸಾಕ್ಷ್ಯದಲ್ಲಿ ಅಂಥ ಸಾಲೇ ಇರಲಿಲ್ಲ. ಪತ್ರಿಕೆಯೊಂದು ಅವನ ಪಟ ಹಾಕಿ 'ಸುಳ್ಳಿನ ಮೇಲೆ ಸುಳ್ಳು' ಎಂದು ಬರೆಯಿತು. ಆ ಪತ್ರಿಕೆ ಎರಡು ದಿನ ಆಕೆಯ ಅಡುಗೆಮನೆಯ ಮೇಜಿನ ಮೇಲೆ ಬಿದ್ದಿತ್ತು. ಮಡಿಸಿಡಲೂ ಕೈ ಬರಲಿಲ್ಲ.

ಎರಡು ವರ್ಷದ ಮೇಲೆ ನಿವೃತ್ತಿ ಬಂತು. ವರದಿ ಅಚ್ಚಾದ ಮೇಲೆ ಟಿಪ್ಪಣಿ ಪುಸ್ತಕಗಳನ್ನು ಹರಿದು ಹಾಕಬೇಕೆಂಬುದು ನಿಯಮ. ಹೊರಡುವ ಮುನ್ನ ಕಪಾಟಿನಲ್ಲಿ ಉಳಿದಿದ್ದವನ್ನೆಲ್ಲ ಹರಿದಳು, ಮಂತ್ರಿಯ ಸಾಕ್ಷ್ಯವಿದ್ದ ಆ ಒಂದನ್ನು ಮಾತ್ರ ಕೈಚೀಲಕ್ಕೆ ಹಾಕಿಕೊಂಡಳು. ಆ ಮನುಷ್ಯ ಸುಳ್ಳನಲ್ಲ ಎನ್ನುವುದನ್ನು ಒಬ್ಬರಾದರೂ ನಂಬುವಂತೆ ಮಾಡದೆ ಸಾಯಬಾರದು ಎಂದು ಆಕೆಗೆ ಅನ್ನಿಸಿಬಿಟ್ಟಿತ್ತು.

ಮೊದಲು ಪತ್ರಿಕೆಗೆ ಹೋದಳು. ಸಂಪಾದಕರು ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ನೋಡಿ, ತಿಳಿಸ್ತೀವಿ ಅಂದರು. ಮೂರು ವಾರ ತುಟಿ ಪಿಟಕ್ ಅನ್ನಲಿಲ್ಲ. ಆಮೇಲೆ, ಅಲ್ಲಿಂದಲೇ ಸುದ್ದಿ ಸೋರಿತೋ ಏನೋ, ಟಿವಿಯವರು ಅವರಾಗಿಯೇ ಕರೆದರು. ಹೋದಳಪ್ಪ, ಒಗೆದ ಸೀರೆ ಉಟ್ಟುಕೊಂಡು. ಆರು ಜನರನ್ನು ಕೂರಿಸಿದ್ದರು, ಆರೂ ಜನ ಒಟ್ಟಿಗೆ ಮಾತಾಡುತ್ತಿದ್ದರು. ನಿರೂಪಕ ಪುಸ್ತಕವನ್ನು ಕ್ಯಾಮೆರಾಗೆ ಹಿಡಿದು, "ವೀಕ್ಷಕರೇ, ಇದು ಸಾಕ್ಷಿನೋ, ಮಗು ಗೀಚಿದ್ದೋ, ನೀವೇ ಹೇಳಿ" ಎಂದ. ಇದರಲ್ಲಿ ಯಾರು ಏನು ಬೇಕಾದರೂ ಓದಬಹುದು ಎಂದ ಒಬ್ಬ. ಈಕೆಯನ್ನು ಕಳಿಸಿದವರು ಯಾರು ಎಂದ ಇನ್ನೊಬ್ಬ. ವಿರೋಧ ಪಕ್ಷದವನು 'ತಾಯಿ, ನಿಮ್ಮಂಥವರು ಬೇಕು' ಎಂದು ಕೈಮುಗಿದ. ಅವನನ್ನು ಕಂಡೇ ಆಕೆಗೆ ಹೆಚ್ಚು ಅಸಹ್ಯವಾಯಿತು. ಗೆರೆಯ ವಿಷಯ ಹೇಳಲು ಬಾಯಿ ತೆರೆದಾಗ ಜಾಹೀರಾತು ಬಂತು.

ಮರುದಿನ ಟಿವಿಗೆ ಬೇರೆ ಹಗರಣ ಸಿಕ್ಕಿತು. ಇವಳಿಗೆ ಸಿಕ್ಕಿದ್ದು ಮೆಟ್ಟಿಲಲ್ಲಿ ಎದುರಾಗುವ ಪಕ್ಕದ ಮನೆಯಾಕೆ. "ಯಾರ ಕಡೆಯವರು ಮೇಡಂ ನೀವು?" ಎಂದು ಕೇಳಿದಳು, ಕೋಪವಿಲ್ಲದೆ, ಬಸ್ಸು ಯಾವುದು ಎಂದು ಕೇಳುವಂತೆ. ಅಕ್ಕ ಭಾನುವಾರದವರೆಗೂ ಕಾಯಲಿಲ್ಲ. "ನಿನಗ್ಯಾಕೆ ಬೇಕಿತ್ತೇ ಇದೆಲ್ಲಾ? ಅವರೂ ಸುಳ್ಳು, ಇವರೂ ಸುಳ್ಳು, ಮಧ್ಯೆ ನಿನ್ನದೊಂದು ಯಾರು ಕೇಳ್ತಾರೆ?"

"ನೀನು ನಂಬ್ತೀಯಾ ಅಕ್ಕ?"

ಅಕ್ಕ ಸ್ವಲ್ಪ ತಡೆದಳು. "ಅದು ಬೇರೆ ಪ್ರಶ್ನೆ ಬಿಡು" ಎಂದಳು. ಶೀಘ್ರಲಿಪಿಯವಳಿಗೆ ಆ ತಡೆದ ಹೊತ್ತು ಎಷ್ಟೆಂದು ನಿಖರವಾಗಿ ಗೊತ್ತಿತ್ತು. ಫೋನಿಟ್ಟು, ಕಿಟಕಿಯ ಹತ್ತಿರ ಕೂತು ಸುಮ್ಮನೆ ಅತ್ತಳು.

ಕೊನೆಗೆ, ಮೊದಲೇ ಹೋಗಬೇಕಿದ್ದ ಮನೆಗೆ ಹೋದಳು. ಮೊದಲೇ ಯಾಕೆ ಹೋಗಲಿಲ್ಲ ಅಂದರೆ ಹೆದರಿಕೆ, ಮತ್ತೇನು? ಗೇಟಿನವನು ಇಸ್ತ್ರಿ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ. ಬಾಗಿಲ ಹೊರಗೆ ಸಣ್ಣ ಮಣೆ ಹಾಕಿಕೊಂಡು ಜನರ ಹಳೆಯ ಬೀಗಗಳನ್ನು ಬಿಚ್ಚಿ ಎಣ್ಣೆ ಹಾಕುತ್ತ ಕೂತಿದ್ದ. ಪಕ್ಕದ ಸ್ಟೂಲಿನ ಮೇಲೆ ಮುಚ್ಚಿಟ್ಟ ತಟ್ಟೆ.

ತಲೆಯೆತ್ತಿದ. "ಕೆಳಗೆ ಕೂತು ಬರೀತಿದ್ರಲ್ಲ, ನೀವೇ ಅಲ್ವಾ?"

"ನಾನೇ," ಎಂದಳು. "ಮಂತ್ರಿ ಒಪ್ಕೊಂಡಿದ್ದನ್ನ ನಾನು ಬರ್ಕೊಂಡಿದ್ದೆ. ಟೈಪ್ ಮಾಡುವಾಗ ಬಿಡಿ ಅಂದ್ರು, ಬಿಟ್ಟೆ. ತಪ್ಪು ನಂದು."

ಅವನು ಕೈಯಲ್ಲಿದ್ದ ಬೀಗವನ್ನು ಕೆಳಗಿಟ್ಟ. ಬೈಯುತ್ತಾನೆಂದುಕೊಂಡಳು. ಬೈದಿದ್ದರೆ ಎಷ್ಟೋ ಸಲೀಸಾಗುತ್ತಿತ್ತು. "ಎರಡು ವರ್ಷ ಆಯ್ತು ಮೇಡಂ," ಎಂದ, ಅಷ್ಟೇ.

ಆಕೆ ಪುಸ್ತಕ ತೆಗೆದಾಗ ಕೈ ಅಡ್ಡ ಹಿಡಿದ. "ನನಗೆ ಓದಬೇಡಿ. ನಾನು ಅವತ್ತೇ ಕೇಳಿದೀನಿ. ಓದೋದಾದ್ರೆ ಒಳಗಿದಾಳಲ್ಲ, ಅವಳ ಮುಂದೆ ಓದಿ."

ಒಳಗಿದ್ದವಳು ಅವನ ಮಗಳು. ಕೆಳಗಿನ ಅಂಗಡಿಯಲ್ಲಿ ಇಸ್ತ್ರಿ ಮಾಡುವವಳು. ಪಕ್ಕದ ಮೇಜಿನಲ್ಲಿ ಇಸ್ತ್ರಿ ಮಾಡುತ್ತಿದ್ದ ಗೆಳತಿ ಸೇತುವೆಯ ಹತ್ತೊಂಬತ್ತು ಜನರಲ್ಲಿ ಒಬ್ಬಳು. ವರದಿ ಬಂದ ದಿನದಿಂದ ಮಗಳು ಅಪ್ಪನೊಡನೆ ಮಾತು ಬಿಟ್ಟಿದ್ದಳು. ಹೊತ್ತಿಗೆ ಸರಿಯಾಗಿ ಊಟದ ತಟ್ಟೆಯನ್ನು ಸ್ಟೂಲಿನ ಮೇಲೆ ಇಡುತ್ತಿದ್ದಳು, ಹೋಗುತ್ತಿದ್ದಳು.

"ಟಿವಿಲಿ ನೋಡಿದೆ ನಿಮ್ಮನ್ನ," ಎಂದಳು ಮಗಳು, ಕೂತುಕೊಳ್ಳಿ ಎನ್ನದೆ. "ಗೀಚಿದ್ದನ್ನ ಯಾರು ಏನು ಬೇಕಾದ್ರೂ ಓದಬಹುದು ಅಂದ್ರಲ್ಲ. ಸರಿಯಾಗೇ ಅಂದ್ರು."

"ಹಾಗಾದ್ರೆ ನೀನೇ ಹೇಳಮ್ಮ ಏನಾದ್ರೂ. ಬಾಯಿಗೆ ಬಂದಿದ್ದು, ಎಷ್ಟು ಬೇಗ ಬೇಕಾದ್ರೂ. ಬರ್ಕೋತೀನಿ. ಆಮೇಲೆ ನೀನು ಬೆರಳಿಟ್ಟ ಕಡೆಯಿಂದ ಓದ್ತೀನಿ. ಒಂದು ಮಾತು ತಪ್ಪಿದ್ರೂ ಎದ್ದು ಹೋಗ್ತೀನಿ."

ಆಕೆ ಹೊಸ ಪುಸ್ತಕ ತೆರೆದು ಮೊಣಕಾಲ ಮೇಲಿಟ್ಟುಕೊಂಡಳು. ಗೇಟಿನವನು ಹೊಸ್ತಿಲಿನಾಚೆಯೇ ನಿಂತ. ಮಗಳು ಗೋಡೆಗೆ ಮುಖ ತಿರುಗಿಸಿ, ಸೋಲಿಸಿಯೇ ತೀರುತ್ತೇನೆಂಬಂತೆ ಒಂದೇ ಉಸಿರಿಗೆ ಶುರುಮಾಡಿದಳು. ಗೇಟು ಅಂದಳು, ಗೆಳತಿ ಅಂದಳು, ಛತ್ರಿ ಅಂದಳು. ಮಾತು ಮಾತಿನ ಮೇಲೆ ಬಿದ್ದು, ಹೊಸ್ತಿಲಲ್ಲಿದ್ದವನಿಗೆ ಅರ್ಧವೂ ಕೇಳಿಸಲಿಲ್ಲ. ಪೆನ್ಸಿಲ್ ಮಾತ್ರ ಹಾಳೆಯ ಮೇಲೆ ಸದ್ದಿಲ್ಲದೆ ಓಡಿತು. ಒಂದು ಕಡೆ ಮಗಳ ಮಾತು ನಿಂತಿತು. ಪೆನ್ಸಿಲ್ಲೂ ನಿಂತಿತು.

ಮಗಳು ಬಂದು ಹಾಳೆಯ ಮೇಲ್ಭಾಗವನ್ನು ಅಂಗೈಯಿಂದ ಮುಚ್ಚಿ, ನಡುವೆ ಒಂದು ಕಡೆ ಬೆರಳಿಟ್ಟಳು. "ಇಲ್ಲಿಂದ."

ಆಕೆ ಓದಿದಳು. ಮೂವತ್ತೊಂದು ವರ್ಷ ಕಳ್ಳರ ಮಾತನ್ನೂ ದೊರೆಗಳ ಮಾತನ್ನೂ ಓದಿದ ಅದೇ ಚಪ್ಪಟೆ ದನಿಯಲ್ಲಿ, ನಿಧಾನವಾಗಿ, ಬಿಡಿಬಿಡಿಯಾಗಿ.

"'ಇವರು ಗೇಟು ತೆಗೆದ್ರು. ಅವಳು ಆ ಗೇಟು ದಾಟಿ ಹೋದ್ಲು, ಕೈಲಿ ನನ್ನ ಛತ್ರಿ ಇತ್ತು. ಇವರಿಗೆ ತಟ್ಟೆ ಇಡ್ತೀನಿ, ಮುಖ ನೋಡಲ್ಲ. ನೋಡಿದ್ರೆ ಅಳು ಬರುತ್ತೆ. ಅತ್ತುಬಿಟ್ರೆ ಕ್ಷಮಿಸಿಬಿಡ್ತೀನಿ, ಆಮೇಲೆ ಅವಳಿಗೆ ಯಾರಿದಾರೆ? ಎರಡು ವರ್ಷದಿಂದ ಇವರನ್ನ ಕರೆದಿಲ್ಲ. ಕರೆಯೋಕೆ...' ಇಲ್ಲಿ ಮಾತು ನಿಂತಿದೆ."

ಹೊಸ್ತಿಲಿನಲ್ಲಿದ್ದವನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ. ಈ ಸಲ ಅವನಿಗೆ ಒಂದೊಂದು ಮಾತೂ ಕೇಳಿಸಿತ್ತು.

ಮಗಳು ತುಂಬ ಹೊತ್ತು ಹಾಳೆಯನ್ನೇ ನೋಡಿದಳು. ಒಂದು ಚಿಹ್ನೆಯ ಮೇಲೆ ಬೆರಳಿಟ್ಟಳು. ಎರಡು ನಿಂತ ಗೀಟು, ನಡುವೆ ಒಂದು ಸಣ್ಣ ಕೊಕ್ಕೆ. ಅದೇ ಚಿಹ್ನೆ ಸಾಲಿನಲ್ಲಿ ಎರಡು ಸಲ ಇತ್ತು. "ಇದು ಗೇಟಾ?"

"ಗೇಟು. ನಾನೇ ಮಾಡ್ಕೊಂಡಿದ್ದು. ವಿಚಾರಣೆಲಿ ಆ ಮಾತು ಅಷ್ಟು ಸಲ ಬರ್ತಿತ್ತು."

"ಆ ಹಳೇದು ಕೊಡಿ."

ಆಕೆ ಆ ದಿನದ ಪುಟ ತೆರೆದು, ಸಾಲು ಯಾವುದೆಂದು ತೋರಿಸದೆ ಕೊಟ್ಟಳು. ಮಗಳು ಮೇಲಿಂದ ಒಂದೊಂದೇ ಸಾಲು ಬೆರಳಿಳಿಸುತ್ತ ಬಂದಳು. ಪುಟದ ಕೊನೆಗೆ ಬಂದು ಬೆರಳು ನಿಂತಿತು. ಎರಡು ಗೀಟು, ನಡುವೆ ಕೊಕ್ಕೆ. ಅದರ ಕೆಳಗೆ, ಈ ತುದಿಯಿಂದ ಆ ತುದಿಗೆ, ಗೆರೆ.

"ಗೇಟಿನವನು," ಎಂದಳು ಮಗಳು. "ಈಗ ಓದಿ."

ಆಕೆ ಮಂತ್ರಿಯ ಮಾತನ್ನು ಓದಿದಳು. ಗೆರೆ ಅಂದರೇನು ಎಂದೂ ಹೇಳಿದಳು. ಯಾವ ಜಾಹೀರಾತೂ ಅಡ್ಡ ಬರಲಿಲ್ಲ. ಮಗಳು ಇನ್ನೊಂದು ಸಲ ಓದಿ ಎಂದಳು, ಓದಿದಳು.

"ಈ ಪುಸ್ತಕ ಇಲ್ಲೇ ಇರಲಿ," ಎಂದಳು ಮಗಳು.

ಆ ಪುಸ್ತಕ ಬಿಟ್ಟರೆ ಆಕೆಯ ಕೈಯಲ್ಲಿ ಇನ್ನೇನೂ ಇರಲಿಲ್ಲ. ಕೊಟ್ಟಳು. ಆ ಸಾಲನ್ನು ಎಲ್ಲರೂ ಓದುವ ಅಕ್ಷರದಲ್ಲಿ ಒಂದು ಹಾಳೆಯ ಮೇಲೆ ಬರೆದು, ಕೆಳಗೆ 'ಇದನ್ನು ಬಿಟ್ಟವಳು ನಾನು' ಎಂದು ಸೇರಿಸಿ ಸಹಿ ಹಾಕಿದಳು. ಸಾವಿರಾರು ಪುಟ ಬರೆದವಳ ಸಹಿ ಯಾವ ಪುಟದಲ್ಲೂ ಇರಲಿಲ್ಲ, ಇದೇ ಮೊದಲು.

ಹೊರಟಾಗ ಗೇಟಿನವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಕ್ಷಮಿಸಿದೆ ಎನ್ನಲಿಲ್ಲ, ಆಕೆಯೂ ಕೇಳಲಿಲ್ಲ. ಸ್ಟೂಲಿನ ಮೇಲಿನ ತಟ್ಟೆಯ ಊಟ ಆರಿಹೋಗಿತ್ತು. ಕೈಚೀಲ ಹಗುರವಾಗಿದ್ದು ಅಭ್ಯಾಸವಿಲ್ಲದೆ ಮೆಟ್ಟಿಲಲ್ಲಿ ಒಂದು ಕ್ಷಣ ಕಂಬಿ ಹಿಡಿದು ನಿಂತಳು. ಮೇಲೆ ಹಾಳೆ ತಿರುವುವ ಸದ್ದು ಕೇಳಿಸುತ್ತಿತ್ತು, ಆಮೇಲೆ ಮಗಳ ದನಿ.

"ಇಲ್ಲೂ ಇದೆ ನೋಡು. ಇಲ್ಲೂ ಗೇಟು." ಮಾತು ನಿಂತಿತು. "ಒಳಗೆ ಬಾ ಅಪ್ಪ, ಅಲ್ಲಿಂದ ಕಾಣಲ್ಲ."

ಆಕೆ ಕೆಳಗಿಳಿದು, ಇಸ್ತ್ರಿ ಅಂಗಡಿ ದಾಟಿ, ಬಸ್ ನಿಲ್ದಾಣದ ಕಡೆ ನಡೆದಳು. ಇದನ್ನು ಯಾರಿಗಾದರೂ ಹೇಳಬೇಕು ಅನ್ನಿಸಿತು. ಭಾನುವಾರಕ್ಕೆ ಇನ್ನೂ ನಾಲ್ಕು ದಿನವಿತ್ತು.